ಆಸ್ಪತ್ರೆಯ ವರಾಂಡದಲ್ಲಿ ದೇವರ ಮೊರೆ

ಮಾನ್ಯ ಸಂಪಾದಕರೇ,

ಐಸಿಯು ಬಾಗಿಲ ಹೊರಗೆ ಕೂತವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಔಷಧ ತಂದುಕೊಟ್ಟಾಗಿರುತ್ತದೆ, ಕಾಗದಗಳಿಗೆ ಸಹಿ ಹಾಕಿಯಾಗಿರುತ್ತದೆ, ಒಳಗೆ ಬಿಡುವುದಕ್ಕೆ ಇನ್ನೂ ಮೂರು ತಾಸು. ಆ ಹೊತ್ತಿನಲ್ಲಿ ಹೆಚ್ಚಿನವರು ದೇವರ ಹೆಸರು ಹಿಡಿಯುತ್ತಾರೆ. ಅದು ಮೌಢ್ಯ ಎನ್ನುವವರಿದ್ದಾರೆ. ಅದೊಂದೇ ಸಾಕು, ಡಾಕ್ಟರು ಬೇಡ ಎನ್ನುವವರೂ ಇದ್ದಾರೆ. ಬೆಂಚಿನ ಮೇಲೆ ನಡುಗುತ್ತಾ ಕೂತಿರುವ ತಾಯಿಗೆ ಇಬ್ಬರಿಂದಲೂ ಉಪಕಾರವಿಲ್ಲ. ದೇವಸ್ಥಾನಗಳಲ್ಲಿ ಅರ್ಚನೆ ಮಾಡುವವರು, ವಾರ್ಡುಗಳಲ್ಲಿ ದುಡಿದು ನಿವೃತ್ತರಾದ ನರ್ಸುಗಳು, ರೋಗಿಗಳ ಕಡೆಯವರ ಜೊತೆ ಕೂರುವ ಸ್ವಯಂಸೇವಕರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕಷ್ಟದಲ್ಲಿ ದೇವರನ್ನು ನಂಬುವುದು ಸರಿಯೇ ಎಂಬ ಚರ್ಚೆ ನಮ್ಮದಲ್ಲ; ನಂಬಿದವರು ಆಸ್ಪತ್ರೆಯ ಒಳಗೆ ಅದನ್ನು ಹೇಗೆ ನಡೆಸಿಕೊಳ್ಳಬೇಕು, ಎಲ್ಲಿ ಎಡವುತ್ತಾರೆ ಎಂಬುದಷ್ಟೇ ನಮ್ಮ ಮಾತು. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಬೇಕು.

ಹೆದರಿದ ಮನಸ್ಸಿಗೆ ದೊಡ್ಡ ಪಾರಾಯಣ ಹತ್ತುವುದಿಲ್ಲ. ಸಹಸ್ರನಾಮ ಬಾಯಿಪಾಠ ಇದ್ದವರಿಗೂ ನಡುವೆ ತಪ್ಪುತ್ತದೆ. ತಪ್ಪಿತಲ್ಲ, ಏನಾಗುತ್ತದೋ ಎಂಬ ಹೊಸ ಹೆದರಿಕೆ ಅದಕ್ಕೆ ಸೇರುತ್ತದೆ. ಆದ್ದರಿಂದ ಒಂದೇ ಹೆಸರು ಸಾಕು. ಮೊದಲು ಎದ್ದು ಹೋಗಿ ಕೈ, ಕಾಲು, ಮುಖ ತೊಳೆದುಕೊಳ್ಳಿ. ಎರಡೂ ಪಾದ ನೆಲಕ್ಕೆ ತಾಗುವಂತೆ ಕೂತುಕೊಳ್ಳಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಗೆ ಬಿಡುವಾಗ ಹೆಸರು. ರಾಮ ಎನ್ನಿ, ಶಿವ ಎನ್ನಿ, ಅಲ್ಲಾಹ್ ಎನ್ನಿ, ಯೇಸುವೇ ಎನ್ನಿ, ಜೈನರ ಣಮೋಕಾರ ಮಂತ್ರದ ಒಂದೊಂದು ಪದವಾದರೂ ಆದೀತು. ತುಟಿ ಅಲುಗಲಿ. ಬರೀ ಮನಸ್ಸಿನಲ್ಲೇ ಹೇಳಿದರೆ ಹತ್ತು ಉಸಿರು ಮುಗಿಯುವುದರೊಳಗೆ ಯೋಚನೆ ಬಿಲ್ಲು, ಸ್ಕ್ಯಾನು, ಸಾಲದ ಕಡೆ ಓಡುತ್ತದೆ. ಈ ಲೆಕ್ಕದಲ್ಲಿ ನಿಮಿಷಕ್ಕೆ ಆರು ಉಸಿರು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಆರೋಗ್ಯವಂತರಾದ 23 ಮಂದಿಯಿಂದ ಕಥೋಲಿಕರ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲೂ ಬೌದ್ಧರ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ನೋಡಿತ್ತು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿದಿತ್ತು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ನರಗಳ ಸ್ಪಂದನೆ ಉತ್ತಮಗೊಂಡಿತ್ತು. ಧರ್ಮ ಬೇರೆ, ಭಾಷೆ ಬೇರೆ, ಉಸಿರಿನ ಲಯ ಒಂದೇ.

ಜಪಮಾಲೆ ಇದ್ದರೆ ಒಳ್ಳೆಯದು, ಬೆರಳಿಗೂ ಕೆಲಸ ಸಿಗುತ್ತದೆ. 108 ಮಣಿಯ ಮಾಲೆ ಈ ಲಯದಲ್ಲಿ ಒಂದು ಸುತ್ತು ಬರಲು 18 ನಿಮಿಷ. ಹೆಬ್ಬೆರಳು, ನಡುಬೆರಳಿನಿಂದ ಮಣಿ ಸರಿಸುವುದು, ತೋರುಬೆರಳು ತಾಗಿಸದಿರುವುದು, ಮಾಲೆಯ ತುದಿಯ ಮೇರುಮಣಿ ದಾಟದೆ ಹಿಂದಿರುಗುವುದು ರೂಢಿ. ಅದು ತಪ್ಪಿತೆಂದು ಮೊದಲಿನಿಂದ ಶುರು ಮಾಡಬೇಕಿಲ್ಲ. 27 ಮಣಿಯ ಪುಟ್ಟ ಮಾಲೆ, ಮುಸ್ಲಿಮರ 33 ಮಣಿಯ ತಸ್ಬಿ, 59 ಮಣಿಯ ಜಪಸರ ಯಾವುದಾದರೂ ಸರಿ. ಏನೂ ಇಲ್ಲದಿದ್ದರೆ ಬೆರಳ ಗೆಣ್ಣು ಇದೆಯಲ್ಲ.

ಇಲ್ಲಿ ಎರಡು ತಪ್ಪುಗಳಾಗುತ್ತವೆ. ಒಂದು, ಬೇಗ ಬೇಗ ಹೇಳುವುದು. ಲಕ್ಷ ಜಪ ಮುಗಿಸಿದರೆ ಗುಣವಾಗುತ್ತದೆಂದು ಯಾರೋ ಹೇಳಿರುತ್ತಾರೆ. ಏದುಸಿರಿನಲ್ಲಿ ಹೇಳುತ್ತಾ ಹೋದರೆ ತಲೆ ಸುತ್ತುತ್ತದೆ, ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ. ಅದನ್ನೇ ಅಪಶಕುನವೆಂದುಕೊಂಡು ಇನ್ನಷ್ಟು ಹೆದರುತ್ತಾರೆ. ಲಯ ಇಳಿಸಿದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಆದರೆ ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರಿದರೆ, ಜಪ ನಿಲ್ಲಿಸಿ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ನಡೆಯಿರಿ. ರೋಗಿಯನ್ನು ನೋಡಿಕೊಳ್ಳಲು ಬಂದವರಿಗೂ ಹೃದಯಾಘಾತ ಆಗುತ್ತದೆ. ಎರಡನೆಯ ತಪ್ಪು ರಾತ್ರಿಯಿಡೀ ಎಚ್ಚರವಿರುವುದು. ನಿದ್ದೆಗೆಟ್ಟವರಿಗೆ ಮರುದಿನ ಡಾಕ್ಟರು ಹೇಳಿದ್ದು ತಲೆಗೆ ಹೋಗುವುದಿಲ್ಲ, ಹೆದರಿಕೆಯೂ ಏರುತ್ತದೆ. ಅಖಂಡ ಭಜನೆಯಲ್ಲಿ ಸರದಿ ಹಾಕುವ ಪದ್ಧತಿ ನಮ್ಮ ಊರುಗಳಲ್ಲಿ ಇದ್ದೇ ಇದೆ. ಮನೆಯವರು ನಾಲ್ಕು ಜನರಿದ್ದರೆ ಎರಡೆರಡು ತಾಸು ಹಂಚಿಕೊಳ್ಳಲಿ, ಉಳಿದವರು ಮಲಗಲಿ.

ಹೆಸರು ಹೇಳಿ ಉಸಿರು ಒಂದು ಹದಕ್ಕೆ ಬಂದ ಮೇಲೆ ಬೇಡಿಕೆ. ನಿಮ್ಮ ಮನೆಮಾತಿನಲ್ಲಿ, ಒಂದೇ ವಾಕ್ಯದಲ್ಲಿ, ಇವತ್ತಿಗೆ ಏನು ಬೇಕೋ ಅದನ್ನು ಕೇಳಿ. ‘ಎಲ್ಲ ಸರಿಮಾಡಪ್ಪಾ’ ಎಂದರೆ ಮನಸ್ಸು ಮತ್ತೆ ಆ ‘ಎಲ್ಲ’ವನ್ನೂ ಎಣಿಸಲು ಹೊರಡುತ್ತದೆ. ‘ಈ ರಾತ್ರಿ ಜ್ವರ ಇಳಿಯಲಿ’, ‘ನಾಳೆ ಆಪರೇಷನ್ ಹೊತ್ತಿಗೆ ನನ್ನ ಕೈಕಾಲು ನಡುಗದಿರಲಿ’ ಎಂದು ಕೇಳಿದರೆ ಮನಸ್ಸಿಗೆ ನಿಲ್ಲಲು ಜಾಗ ಸಿಗುತ್ತದೆ. ಕೇಳಿಯಾದ ಮೇಲೆ ‘ಇನ್ನು ನಿನ್ನ ಭಾರ’ ಎಂದು ಬಿಟ್ಟು, ಮುಂದಿನ ಕೆಲಸಕ್ಕೆ ಏಳಬೇಕು: ರಕ್ತ ಕೊಡುವವರಿಗೆ ಫೋನು, ವಿಮೆ ಕಾಗದ, ಒಂದು ತುತ್ತು ಊಟ.

ರಾಮಾನುಜರ ಪರಂಪರೆಯಲ್ಲಿ ಶರಣಾಗತಿಗೆ ಆರು ಅಂಗಗಳನ್ನು ಹೇಳುತ್ತಾರೆ. ದೇವರಿಗೆ ಒಪ್ಪುವಂತೆ ನಡೆಯುವ ಸಂಕಲ್ಪ, ಒಪ್ಪದ್ದನ್ನು ಬಿಡುವುದು, ಕಾಪಾಡಿಯೇ ಕಾಪಾಡುತ್ತಾನೆಂಬ ವಿಶ್ವಾಸ, ಕಾಪಾಡೆಂದು ಬಾಯಿಬಿಟ್ಟು ಕೇಳುವುದು, ತನ್ನನ್ನು ಒಪ್ಪಿಸಿಬಿಡುವುದು, ತನ್ನ ಕೈಲಾಗದೆಂದು ಒಪ್ಪಿಕೊಳ್ಳುವುದು. ಈ ಆಚಾರ್ಯರೇ ಚೋಳರಾಜನ ಕಿರುಕುಳಕ್ಕೆ ಊರು ಬಿಟ್ಟು ಬಂದು ನಮ್ಮ ಮೇಲುಕೋಟೆಯಲ್ಲಿ ನೆಲೆನಿಂತರೆಂದು ಪರಂಪರೆ ಹೇಳುತ್ತದೆ, ಭಯವೆಂದರೇನೆಂದು ತಿಳಿದವರು. ಆರರಲ್ಲಿ ಒಂದರಲ್ಲೂ ಹಣದ ಮಾತಿಲ್ಲ. ರಾಮಾಯಣದ ಯುದ್ಧಕಾಂಡದಲ್ಲಿ ವಿಭೀಷಣ ಬಂದು ನಿಂತಾಗ ರಾಮನಾಡುವ ಮಾತೂ ಇಷ್ಟೇ: ‘ನಿನ್ನವನು’ ಎಂದು ಒಂದೇ ಸಲ ಕೇಳಿಕೊಂಡವನಿಗೂ ಅಭಯ ಕೊಡುತ್ತೇನೆ. ಮುಂಗಡದ ಕರಾರು ಅಲ್ಲಿಲ್ಲ.

ಹರಕೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೆದರಿಕೆಯ ತುದಿಯಲ್ಲಿ ಹೊತ್ತ ಹರಕೆಯೇ ಆಮೇಲೆ ಮನೆಯಲ್ಲಿ ಜಗಳವಾಗುವುದನ್ನು ಎಲ್ಲ ಅರ್ಚಕರೂ ಬಲ್ಲರು. ಅಪಘಾತದ ಸುದ್ದಿ ಬಂದ ರಾತ್ರಿ ಚಿನ್ನದ ಸರ, ಬೆಳ್ಳಿ ಕವಚ, ಮೂರು ವರ್ಷ ಪಾದಯಾತ್ರೆ ಎಂದೆಲ್ಲ ಬಾಯಿಂದ ಬಂದುಬಿಡುತ್ತದೆ. ಆ ರಾತ್ರಿ ಮುಡಿಪೊಂದೇ ಕಟ್ಟಿ. ಅಂಗೈಯಗಲದ ಬಿಳಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಒಂದು ರೂಪಾಯಿ ನಾಣ್ಯ ಇಟ್ಟು ಗಂಟು ಹಾಕಿ, ಯಾವ ದೇವರಿಗೆಂದು ಹೇಳಿಕೊಂಡು ದೇವರ ಗೂಡಿನಲ್ಲಿಡಿ. ಆಸ್ಪತ್ರೆಯಲ್ಲೇ ಇದ್ದರೆ ಕರವಸ್ತ್ರದ ತುದಿಗೆ ಕಟ್ಟಿ, ಮನೆಗೆ ಹೋದ ಮೇಲೆ ಬದಲಿಸಬಹುದು. ಇದಕ್ಕಿಂತ ಹೆಚ್ಚಿನದೇನಾದರೂ ಹೇಳಿಕೊಳ್ಳುವುದಿದ್ದರೆ ಬೆಳಗಾಗಲಿ, ಮನೆಯ ಇನ್ನೊಬ್ಬರ ಎದುರು ಹೇಳಿ, ಒಂದು ಚೀಟಿಯಲ್ಲಿ ಬರೆದು ಮುಡಿಪಿನ ಜೊತೆ ಇಡಿ: ಯಾವ ದೇವರು, ಏನು, ಯಾರು ತೀರಿಸುವವರು, ಎಷ್ಟು ದಿನದೊಳಗೆ. ಬರೆಯದ ಹರಕೆ ಹತ್ತು ವರ್ಷದ ಮೇಲೆ ‘ಯಾವುದೋ ಹರಕೆ ಬಾಕಿ ಇದೆ’ ಎಂಬ ಅನುಮಾನವಾಗಿ ಉಳಿಯುತ್ತದೆ, ಅನುಮಾನವಿದ್ದ ಮನೆಗೆ ದೋಷ ಹುಡುಕುವವರು ಬರುತ್ತಾರೆ.

ಇನ್ನೊಬ್ಬರ ಮೈಮೇಲೆ ಹರಕೆ ಹೊರಿಸಬೇಡಿ. ‘ನನ್ನ ಮಗ ಮೆಟ್ಟಿಲು ಹತ್ತಿ ಬರುತ್ತಾನೆ’ ಎಂದು ತಾಯಿ ಹೊತ್ತರೆ, ಆ ಮಗ ಹೃದಯದ ಆಪರೇಷನ್ ಆಗಿ ಮಲಗಿರುವವನು. ಅಲಿಪಿರಿಯಿಂದ ತಿರುಮಲಕ್ಕೆ 3,550 ಮೆಟ್ಟಿಲು. ಚಾಮುಂಡಿ ಬೆಟ್ಟಕ್ಕೆ ಸಾವಿರ. ಎದೆಮೂಳೆ ಕೂಡಲೇ ತಿಂಗಳುಗಳು ಬೇಕು. ಡಾಕ್ಟರು ಆಗಬಹುದೆನ್ನುವ ತನಕ ಬೆಟ್ಟ, ಉರುಳುಸೇವೆ, ದಿಂಡು ನಮಸ್ಕಾರ ಯಾವುದೂ ಕೂಡದು. ಈಗಾಗಲೇ ಹೇಳಿಕೊಂಡುಬಿಟ್ಟಿದ್ದರೆ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ ಕಾಣಿಕೆ ಹಾಕಿ ಬನ್ನಿ, ಮೆಟ್ಟಿಲನ್ನು ಮನೆಯ ಗಟ್ಟಿಮುಟ್ಟಾದವರು ಹತ್ತಲಿ. ಹೊಲಿಗೆ ಬಿಚ್ಚಿಕೊಂಡು ಬರುವ ಸೇವೆಯನ್ನು ಯಾವ ದೇವರೂ ಕೇಳುವುದಿಲ್ಲ ಎಂದೇ ನಮ್ಮ ನಂಬಿಕೆ.

ಈಗ ತೀರ್ಥ, ಪ್ರಸಾದ. ನರ್ಸುಗಳಿಗೂ ಮನೆಯವರಿಗೂ ಜಟಾಪಟಿಯಾಗುವುದು ಹೆಚ್ಚಾಗಿ ಇಲ್ಲೇ. ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಆರು ತಾಸು ಊಟ ತಿಂಡಿ ಇಲ್ಲ, ಎರಡು ತಾಸು ನೀರೂ ಇಲ್ಲ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ‘ಒಂದು ಚೂರು ಪ್ರಸಾದ ತಾನೇ’ ಎಂದು ಕದ್ದು ಬಾಯಿಗಿಟ್ಟ ಕಲ್ಲುಸಕ್ಕರೆ, ಲಾಡಿನ ತುಣುಕು ಗೊತ್ತಾದರೆ ಆಪರೇಷನ್ ಮುಂದೂಡುತ್ತಾರೆ. ಗೊತ್ತಾಗದಿದ್ದರೆ ಇನ್ನೂ ಕೆಟ್ಟದ್ದು. ತೀರ್ಥವನ್ನು ಬೆರಳ ತುದಿಯಿಂದ ತಲೆಗೆ ಪ್ರೋಕ್ಷಿಸಿ, ಪ್ರಸಾದ ಕಣ್ಣಿಗೊತ್ತಿ ಎತ್ತಿಡಿ. ದರ್ಗಾದ ನೀರು, ಝಮ್‌ಝಮ್, ಚರ್ಚಿನ ಪವಿತ್ರ ಜಲ ಎಲ್ಲಕ್ಕೂ ಇದೇ ಮಾತು.

ಕ್ಯಾನ್ಸರ್‌ಗೆ ಕೀಮೋ ಚಿಕಿತ್ಸೆ ನಡೆಯುತ್ತಿರುವವರಿಗೆ ಬಿಳಿ ರಕ್ತಕಣ ಇಳಿದಿರುತ್ತದೆ. ಕಾಯಿಸದ ಹಾಲಿನ ಪಂಚಾಮೃತ, ಹಸಿ ತುಳಸಿ ಬಿದ್ದ ತೀರ್ಥ, ಹೆಚ್ಚಿಟ್ಟ ಹಣ್ಣು ಅವರಿಗೆ ಸೋಂಕು ತರಬಹುದು. ದೇವರ ಹೂವನ್ನೂ ಮಂಚದ ಬಳಿ ಇಡಬಾರದು. ಮೂತ್ರಪಿಂಡ ಸೋತು ಡಯಾಲಿಸಿಸ್‌ನಲ್ಲಿರುವವರಿಗೆ ಅಭಿಷೇಕದ ಎಳನೀರು, ನೈವೇದ್ಯದ ಬಾಳೆಹಣ್ಣು ಒಳ್ಳೆಯದಲ್ಲ, ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು; ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ನುಂಗಲು ಕಷ್ಟವಿರುವ ಲಕ್ವ ಹೊಡೆದವರಿಗೆ ಒಂದು ಉದ್ಧರಣೆ (ತೀರ್ಥದ ಚಮಚ) ನೀರೂ ಶ್ವಾಸನಾಳಕ್ಕೆ ಇಳಿಯಬಹುದು. ವಿಭೂತಿ, ಕುಂಕುಮ ಹಣೆಗೆ ಸಾಕು, ಹೊಲಿಗೆಯ ಹತ್ತಿರ ಬೇಡ. ಆಮ್ಲಜನಕ ಹರಿಯುವ ಕಡೆ ಕರ್ಪೂರ, ಊದುಬತ್ತಿ, ಲೋಬಾನ, ಮೇಣದಬತ್ತಿ ಯಾವುದೂ ಕೂಡದು. ಆಮ್ಲಜನಕ ತಾನು ಉರಿಯುವುದಿಲ್ಲ, ಆದರೆ ಅದರಲ್ಲಿ ನೆನೆದ ಹಾಸಿಗೆ, ಕೂದಲು ಒಂದು ಕಿಡಿಗೆ ಭಗ್ಗೆನ್ನುತ್ತವೆ. ಮಾಸ್ಕ್ ಹಾಕಿರುವವರ ಮುಖಕ್ಕೆ ಎಣ್ಣೆ ಹಚ್ಚುವುದೂ ಇದೇ ಕಾರಣಕ್ಕೆ ಅಪಾಯ.

ಮೈಮೇಲಿನ ದೇವರ ಗುರುತುಗಳ ವಿಷಯದಲ್ಲಿ ಮನಸ್ಸು ನೋಯುವುದು ಹೆಚ್ಚು. ಇಷ್ಟಲಿಂಗ ಧರಿಸಿದವರು ಆಪರೇಷನ್ನಿನ ಹಿಂದಿನ ಸಂಜೆಯೇ ಅರಿವಳಿಕೆ ಡಾಕ್ಟರಿಗೆ ಹೇಳಬೇಕು. ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ಬಿಟ್ಟು, ಶುದ್ಧ ಬಟ್ಟೆಯಲ್ಲಿ ಸುತ್ತಿ, ಆಪರೇಷನ್ ಮಾಡುವ ಜಾಗದಿಂದ ದೂರವಾದ ಕಡೆ ಕಟ್ಟಲು ಕೆಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಥಿಯೇಟರಿನ ಬಾಗಿಲ ತನಕ ಧರಿಸಿದ್ದು, ಅಲ್ಲಿ ಮನೆಯವರ ಅಂಗೈಗೆ ಕೊಡಿ, ಎಚ್ಚರವಾದ ಕೂಡಲೇ ಮರಳಿ ಪಡೆಯಿರಿ. ಮುಂಚೆ ಹೇಳದಿದ್ದರೆ ಗಡಿಬಿಡಿಯಲ್ಲಿ ಯಾರೋ ಬಿಚ್ಚಿ ತಟ್ಟೆಯಲ್ಲಿಡುತ್ತಾರೆ. ತಾಳಿ ತೆಗೆಯಬೇಕಾದಾಗ ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಳ್ಳುವ ಪದ್ಧತಿ ಹಿಂದಿನಿಂದ ಇದೆ, ದಾರವಾದ್ದರಿಂದ ಅದಕ್ಕೆ ಅನುಮತಿ ಸಿಗುವುದು ಸುಲಭ. ಲೋಹವನ್ನು ತೆಗೆಸುವುದು ಹಟಕ್ಕಲ್ಲ: ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹ ತಾಗಿದ ಕಡೆ ಸುಡಬಹುದು. ಎಂಆರ್‌ಐಗೆ ಹೋಗುವಾಗಲಂತೂ ತಾಯಿತ, ಕಡಗ, ಯಂತ್ರ ಎಲ್ಲವೂ ಹೊರಗೆ. ಮಂತ್ರಿಸಿದ ದಾರವನ್ನು ಡ್ರಿಪ್ ಹಾಕಿದ ಕೈಗೆ ಕಟ್ಟಬೇಡಿ, ಕೈ ಊದಿಕೊಂಡರೆ ಅದು ಬಿಗಿದು ರಕ್ತ ನಿಲ್ಲುತ್ತದೆ. ದಿಂಬಿನ ಕೆಳಗಿಟ್ಟರೂ ದೇವರು ಕಾಯುತ್ತಾನೆ.

ಫೋನಿನಲ್ಲಿ ಸ್ತೋತ್ರ ಹಾಕುವುದಾದರೆ ಇಯರ್‌ಫೋನಿನಲ್ಲಿ, ಸಣ್ಣ ದನಿಯಲ್ಲಿ, ಕಾಲು ಗಂಟೆ ಸಾಕು. ಜೋರಾಗಿ ಹಾಕಿದರೆ ಯಂತ್ರಗಳ ಎಚ್ಚರಿಕೆಯ ಸದ್ದು ನರ್ಸಿಗೆ ಕೇಳಿಸುವುದಿಲ್ಲ. ಪಕ್ಕದ ಮಂಚದವರ ದೇವರು ಬೇರೆ ಇರಬಹುದು, ಅವರಿಗೂ ನಿದ್ದೆ ಬೇಕು.

ಉಪವಾಸ ಹೊರುವವರು ಹೆಚ್ಚಾಗಿ ರೋಗಿಯ ತಾಯಿ ಅಥವಾ ಹೆಂಡತಿ. ಅವರಿಗೂ ಸಕ್ಕರೆ ಕಾಯಿಲೆ ಇರುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಕಣ್ಣು ಕತ್ತಲೆ ಬರಬಹುದು. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಯವರನ್ನು ಕರೆಯಿರಿ. ವ್ರತ ಕೆಡುತ್ತದೆಂಬ ಅಳುಕು ಬೇಡ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ ಈ ಎಂಟರಿಂದ ವ್ರತ ಭಂಗವಾಗುವುದಿಲ್ಲವೆಂದು ಧರ್ಮಶಾಸ್ತ್ರದ ಪ್ರಸಿದ್ಧ ಶ್ಲೋಕವೇ ಹೇಳುತ್ತದೆ. ಕುರಾನ್ ರೋಗಿಗೂ ಪ್ರಯಾಣಿಕನಿಗೂ ರೋಜಾದಿಂದ ವಿನಾಯಿತಿ ಕೊಟ್ಟಿದೆ. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿಯೇ ನಮಾಜು ಮಾಡಬಹುದು. ಕಥೋಲಿಕ ಸಭೆಯಲ್ಲೂ ರೋಗಿಗಳಿಗೆ ಉಪವಾಸದ ಕಟ್ಟುಪಾಡಿಲ್ಲ.

ಇನ್ನು ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರು. ಇವರ ಗುರುತು ಸುಲಭ. ಮೊದಲು ನಿಮ್ಮ ಕಷ್ಟ ಕೇಳುತ್ತಾರೆ, ಆಮೇಲೆ ನಿಮಗೆ ಗೊತ್ತಿರದ ದೋಷವೊಂದನ್ನು ಹೇಳುತ್ತಾರೆ, ಇಂತಿಷ್ಟು ದಿನದೊಳಗೆ ಶಾಂತಿ ಮಾಡಿಸದಿದ್ದರೆ ಜೀವಕ್ಕೆ ಅಪಾಯವೆಂದು ಗಡುವು ಕೊಡುತ್ತಾರೆ, ಹಣವನ್ನು ಫೋನಿನಲ್ಲೇ ಕಳಿಸಿ ಎನ್ನುತ್ತಾರೆ, ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಗಡುವು, ಗುಟ್ಟು ಎರಡೂ ಸೇರಿದವೆಂದರೆ ಫೋನು ಇಟ್ಟುಬಿಡಿ. ಮುಜರಾಯಿ ದೇವಸ್ಥಾನಗಳಲ್ಲಿ ಸೇವೆಯ ದರ ಫಲಕದಲ್ಲಿರುತ್ತದೆ, ರಸೀದಿ ಕೇಳಿ ಪಡೆಯಿರಿ. ಹಾವು ಕಚ್ಚಿದಾಗ, ನಾಯಿ ಕಚ್ಚಿದಾಗ ಚಿಕಿತ್ಸೆ ತಡೆದು ಮಂತ್ರ ಹಾಕುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಒಂದರಿಂದ ಏಳು ವರ್ಷ ಸೆರೆವಾಸ, 5,000ದಿಂದ 50,000 ರೂಪಾಯಿ ದಂಡ. ಪೂಜೆ, ಯಾತ್ರೆ, ಪ್ರದಕ್ಷಿಣೆ, ಹರಿಕಥೆಗಳನ್ನು ಅದೇ ಕಾಯ್ದೆ ಮುಟ್ಟುವುದಿಲ್ಲ. ಹಾವು ಕಚ್ಚಿದವರನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗದಂತೆ ಹಿಡಿದು, ಬಿಗಿಯಾಗಿ ಕಟ್ಟದೆ, ಕೊಯ್ಯದೆ, 108ಕ್ಕೆ ಕರೆ ಮಾಡಿ. ಸುಬ್ರಹ್ಮಣ್ಯನನ್ನು ಗಾಡಿಯಲ್ಲಿ ಕೂತೇ ನೆನೆಯಿರಿ.

ನೋಡಲು ಬರುವ ಬಂಧುಗಳಿಗೂ ಒಂದು ಮಾತು. ‘ಪೂರ್ವಜನ್ಮದ ಕರ್ಮ’, ‘ಮನೆದೇವರನ್ನು ಮರೆತಿರಿ’, ‘ನಂಬಿಕೆ ಸಾಲದು’ ಇವು ಮಂಚದ ಬಳಿ ಆಡುವ ಮಾತುಗಳಲ್ಲ. ‘ನಿನಗಾಗಿ ಊರೆಲ್ಲ ಪೂಜೆ ಮಾಡಿಸಿದ್ದೇವೆ, ಗುಣವಾಗಲೇಬೇಕು’ ಎಂದು ರೋಗಿಯ ಮೇಲೆ ಭಾರ ಹೇರುವುದೂ ಬೇಡ. 2006ರಲ್ಲಿ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳ ಅಧ್ಯಯನ ಪ್ರಕಟವಾಯಿತು. ತಮಗಾಗಿ ಅಪರಿಚಿತರು ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಶೇ 59ರಷ್ಟು ಮಂದಿಗೆ ತೊಡಕುಗಳಾದವು. ಪ್ರಾರ್ಥನೆ ಇದ್ದೂ ಅದು ಖಚಿತವಿಲ್ಲದವರಲ್ಲಿ ಶೇ 52. ‘ನನಗೆ ಅಷ್ಟು ಜನ ಪ್ರಾರ್ಥಿಸಬೇಕಾದಷ್ಟು ಕೆಟ್ಟಿದೆಯೇ’ ಎಂಬ ಆತಂಕ ಕಾರಣವಿರಬಹುದೆಂದು ಕೆಲವರು ಊಹಿಸಿದರು. ದೇವರ ಶಕ್ತಿಯನ್ನು ಹೀಗೆ ಅಳೆಯಬಹುದೆಂದು ನಾವು ಒಪ್ಪುವುದಿಲ್ಲ, ಆದರೆ ರೋಗಿಗೆ ಹೇಗೆ ಹೇಳಬೇಕೆಂಬ ಎಚ್ಚರ ಅದರಲ್ಲಿದೆ. ಕೈ ಹಿಡಿದು ಕೂತು, ಅವರು ಬಯಸಿದರೆ ಅವರ ಜೊತೆಗೇ ಮೆಲ್ಲಗೆ ಹೆಸರು ಹೇಳಿ. ಅವರಿಗಾಗಿ ಬೇಡುವುದು ಒಂದು, ಅವರೊಡನೆ ಬೇಡುವುದು ಇನ್ನೊಂದು. ಎರಡನೆಯದೇ ಅವರಿಗೆ ಬೇಕಾದದ್ದು.

ಬೇಡಿದ್ದು ಆಗದೆ ಹೋದಾಗ ಮನೆಯವರನ್ನು ಕಾಡುವ ಪ್ರಶ್ನೆ, ಮುಡಿಪನ್ನು ಏನು ಮಾಡುವುದು? ಹುಂಡಿಗೆ ಹಾಕಿಬಿಡಿ, ಅಲ್ಲಿಗೆ ಮುಗಿಯಿತು. ಉಳಿದರೆ ಕೊಡುತ್ತೇನೆಂದ ಹರಕೆ ಉಳಿಯದಿದ್ದಾಗ ಸಾಲವಾಗುವುದಿಲ್ಲ. ‘ಜಪ ಎಣಿಕೆ ತಪ್ಪಿದ್ದಕ್ಕೇ ಹೋದರು’ ಎಂದು ಯಾರಾದರೂ ತಮ್ಮನ್ನೇ ದೂರುತ್ತಿದ್ದರೆ, ಅವರನ್ನು ಒಬ್ಬರನ್ನೇ ಬಿಡಬೇಡಿ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಎಣಿಕೆ ತಪ್ಪಿತೆಂದು ಗಂಟೆಗಟ್ಟಲೆ ಮತ್ತೆ ಮತ್ತೆ ಮಂತ್ರ ಹೇಳುವುದು, ಕೈ ತೊಳೆಯುವುದು ನಿಲ್ಲದಿದ್ದರೆ, ಬದುಕು ಸಾಕೆಂಬ ಮಾತು ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲಿರುಳು, ಕನ್ನಡದಲ್ಲೇ ಮಾತಾಡಬಹುದು. ಹಾಗೆ ಕರೆ ಮಾಡಿದರೆ ಭಕ್ತಿ ಕಡಿಮೆಯಾಯಿತೆಂದು ಅರ್ಥವಲ್ಲ.

ಕೊನೆಗೆ ಆರೋಗ್ಯ ಇಲಾಖೆಗೂ ಖಾಸಗಿ ಆಸ್ಪತ್ರೆಗಳ ಆಡಳಿತಕ್ಕೂ ನಮ್ಮ ಬೇಡಿಕೆ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಐಸಿಯು ಇರುವ ಮಹಡಿಯಲ್ಲೇ ಪ್ರಾರ್ಥನೆಗೊಂದು ಕೋಣೆ ಕೊಡಿ. ಹತ್ತಡಿ ಹನ್ನೆರಡಡಿ ಸಾಕು. ಯಾವ ದೇವರ ವಿಗ್ರಹ, ಪಟ, ಹುಂಡಿ ಬೇಡ; ಅವರವರ ದೇವರನ್ನು ಅವರವರು ಮನಸ್ಸಿನಲ್ಲಿ ತರುತ್ತಾರೆ. ನಾಲ್ಕು ಚಾಪೆ, ಮಂಡಿ ನೋವಿನವರಿಗೆ ನಾಲ್ಕು ಕುರ್ಚಿ, ಬಾಗಿಲ ಹೊರಗೆ ಕಾಲು ತೊಳೆಯಲು ಒಂದು ನಲ್ಲಿ, ನಮಾಜಿಗೆ ಮುಖ ಮಾಡುವ ಕಿಬ್ಲಾದ ದಿಕ್ಕು ತೋರಿಸುವ ಬಾಣದ ಗುರುತು, ಬೆಂಕಿಯ ದೀಪದ ಬದಲು ಮಂದವಾದ ವಿದ್ಯುತ್ ದೀಪ. ರಾತ್ರಿ ಬೀಗ ಹಾಕಬಾರದು, ಹೆದರಿಕೆ ಹೆಚ್ಚುವುದೇ ಆಗ. ಒಳಗೆ ಇರುವವರನ್ನು ಹುಡುಕಿ ಕರೆಯಲು ವಾರ್ಡಿನ ಧ್ವನಿವರ್ಧಕ ಅಲ್ಲಿಗೂ ಕೇಳಿಸಬೇಕು, ಇಲ್ಲದಿದ್ದರೆ ಡಾಕ್ಟರು ಬಂದುಹೋದದ್ದು ತಿಳಿಯದೆಂಬ ಭಯಕ್ಕೆ ಯಾರೂ ಬಾಗಿಲು ಬಿಟ್ಟು ಏಳುವುದಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 14416, ತೀರ್ಥ ಪ್ರಸಾದ ದಾರಗಳ ಬಗ್ಗೆ ನರ್ಸನ್ನು ಕೇಳಿ ಎಂಬ ಒಂದು ಸಾಲು, ಹಣ ಕೇಳುವವರ ಬಗ್ಗೆ ದೂರು ಕೊಡಬೇಕಾದವರ ಕೋಣೆ ಸಂಖ್ಯೆ. ಹಳೆಯ ಕಡತ ತುಂಬಿಟ್ಟ ಕೋಣೆಯೊಂದನ್ನು ಖಾಲಿ ಮಾಡಿಸಿದರೂ ಇದು ಆದೀತು. ಸುಣ್ಣ ಬಳಿಯುವ, ಚಾಪೆ ಹೊಂದಿಸುವ, ದಿನವೂ ಗುಡಿಸಿ ಒರೆಸುವ ಕೆಲಸಕ್ಕೆ ನಮ್ಮ ಊರಿನ ಆಸ್ಪತ್ರೆಯಲ್ಲಿ ನಾವು ಸಿದ್ಧರಿದ್ದೇವೆ. ಅನುಮತಿ ಸಿಕ್ಕ ವಾರದಲ್ಲೇ ಶುರು ಮಾಡುತ್ತೇವೆ.

ಇತಿ,
ಅರ್ಚಕರು, ನಿವೃತ್ತ ಶುಶ್ರೂಷಕಿಯರು ಹಾಗೂ ಆಸ್ಪತ್ರೆ ಸ್ವಯಂಸೇವಕರ ಪರವಾಗಿ,
ಮೈಸೂರು